ಖಾಲಿ ಹೋಗಬಾರದ ದೋಣಿ

ವಾಹನದ ಆಯ್ಕೆ ಮನುಷ್ಯನ ಸ್ವಭಾವವನ್ನು ಬಯಲು ಮಾಡುತ್ತದೆ. ನನ್ನ ವಿಷಯದಲ್ಲಿ ಅದು ಬಯಲು ಮಾಡಿದ್ದು ಇಷ್ಟೇ: ನನ್ನ ಹತ್ತಿರ ವಾಹನವಿರಲಿಲ್ಲ. ದೋಣಿಯೊಂದಿತ್ತು.

ಸೊರಬದಲ್ಲಿ ಹಾಯಿದೋಣಿ ಇಟ್ಟುಕೊಂಡವನನ್ನು ಜನ ಹೇಗೆ ನೋಡುತ್ತಿದ್ದರು ಎಂದು ವಿವರಿಸುವ ಅಗತ್ಯವಿಲ್ಲ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಮುಂಬಯಿಯ ಬಂದರಿನಲ್ಲಿ ದೋಣಿ ಕಟ್ಟುವ ಬಡಗಿಯಾಗಿದ್ದ ನಾನು ಎದೆಯ ಕಾಯಿಲೆ ಹತ್ತಿಸಿಕೊಂಡು ಊರಿಗೆ ಮರಳಿ, ಹೆಂಡತಿಯ ಜೊತೆ ಅಣ್ಣನ ಮನೆಯಲ್ಲಿ ಉಳಿದಿದ್ದೆ. ಅಣ್ಣ ನಮಗೆ ಊಟಕ್ಕೆ ಕಡಿಮೆ ಮಾಡಲಿಲ್ಲ. ಊಟ ಹಾಕುತ್ತಿದ್ದೇನೆಂದು ನೆನಪಿಸುವುದಕ್ಕೂ ಕಡಿಮೆ ಮಾಡಲಿಲ್ಲ. ನಾವಿಬ್ಬರು ಮಲಗುತ್ತಿದ್ದುದು ಭತ್ತದ ಚೀಲಗಳ ಕೋಣೆಯಲ್ಲಿ. ಅತ್ತಿಗೆಗೆ ಭತ್ತ ಬೇಕೆನಿಸಿದಾಗಲೆಲ್ಲ ನಾವು ಎದ್ದು ಚಾಪೆ ಸುತ್ತಬೇಕಾಗಿತ್ತು. ಅತ್ತಿಗೆಗೆ ಆಗಾಗ ಬೇಕೆನಿಸುತ್ತಿತ್ತು.

ಹೀಗಿರುವಾಗ ಶಿಕಾರಿಪುರದ ಆಚೆ ಅಂಜನಾಪುರದ ಜಲಾಶಯಕ್ಕೆ ದೋಣಿಯವನೊಬ್ಬ ಬೇಕಾಗಿದ್ದಾನೆಂದು ಸುದ್ದಿ ಬಂತು. ನೀರಿನ ಆಳ ನೋಡುವುದು, ತೂಬಿಗೆ ಕಟ್ಟಿಕೊಂಡ ಕಸ ಬಿಡಿಸುವುದು, ಅಧಿಕಾರಿಗಳು ಬಂದರೆ ಆಚೆ ದಡ ಮುಟ್ಟಿಸುವುದು. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆದರೆ ಒಂದು ಕೋಣೆ, ಒಂದು ಅಡುಗೆಮನೆಯ ಕ್ವಾರ್ಟರ್ಸು ಇತ್ತು. ಹೋಗಿ ಅಲ್ಲಿಯ ಎಂಜಿನಿಯರನ್ನು ಕಂಡೆ.

"ದೋಣಿ ನಿಮ್ದ ಇರ್ಬೇಕು, ಒಬ್ರೇ ನಡಿಸ್ಬೇಕು. ಎರಡನೇ ಆಳಿಗೆ ಸಂಬಳ ಇಲ್ರೀ," ಎಂದರು ಅವರು. "ಸೋಮವಾರ ದೊಡ್ಡ ಸಾಹೇಬ್ರು ಬರ್ತಾರ. ನೀರಿನ ಮ್ಯಾಲೆ ನಡಿಸಿ ತೋರ್ಸ್ರಿ. ಅವತ್ತೇ ತೀರ್ಮಾನ."

ಒಬ್ಬನೇ ನಡೆಸಲೆಂದೇ ನನ್ನ ದೋಣಿಗೆ ಹಾಯಿ ಇದ್ದದ್ದು. ಊರಿಗೆ ಬಂದ ಮೇಲೆ ನಾನೇ ಕಟ್ಟಿದ್ದು: ಹೆಬ್ಬಲಸಿನ ತೆಳು ಹಲಗೆ, ಮಾಂಜರಪಾಟು ಬಟ್ಟೆಯ ಹಾಯಿ. ಊರ ಕೆರೆಯಲ್ಲಿ ಬಿಟ್ಟು ನೋಡಿದಾಗ ಸಣ್ಣ ಗಾಳಿಗೂ ಹಕ್ಕಿಯಂತೆ ಜಾರಿತು. ಆ ಸಂಜೆ ದಡದಲ್ಲಿ ನಿಂತಿದ್ದ ನನ್ನ ಹೆಂಡತಿ ಕ್ವಾರ್ಟರ್ಸಿನ ಅಡುಗೆಮನೆಗೆ ಕಿಟಕಿ ಇದೆಯೇ ಎಂದು ಕೇಳಿದಳು. ನಾನು ನೋಡಿರಲಿಲ್ಲ. ಇದೆ ಎಂದೆ.

ಉಳಿದದ್ದು ಸಾಗಣೆಯ ಪ್ರಶ್ನೆ. ಇದನ್ನು ನಾನು ರಾಜ್ಯಭಾರದ ಗಾಂಭೀರ್ಯದಿಂದ ಎತ್ತಿಕೊಂಡೆ. ಮೊದಲು ಎತ್ತಿನ ಗಾಡಿಯನ್ನು ಪರಿಶೀಲಿಸಲಾಯಿತು. ದೋಣಿ ಗಾಡಿಗಿಂತ ಉದ್ದ. ಹಿಂದಕ್ಕೆ ಸರಿಸಿದರೆ ನೊಗ ಕಟ್ಟುವ ಮೂಕಿ ಮೇಲೆದ್ದು ಎತ್ತುಗಳ ಕೊರಳಹಗ್ಗ ಬಿಗಿಯುತ್ತದೆ; ಮುಂದಕ್ಕೆ ತಳ್ಳಿದರೆ ದೋಣಿಯ ಮೂತಿ ಅವುಗಳ ಬೆನ್ನನ್ನು ತಿವಿಯುತ್ತದೆ. ಎತ್ತುಗಳು ಎರಡು ಪ್ರಯೋಗಕ್ಕೂ ಒಪ್ಪಲಿಲ್ಲ. ನಂತರ ಮರದ ದಿಮ್ಮಿ ಸಾಗಿಸುವ ಲಾರಿ. ಆದರೆ ಕ್ಯಾಸನೂರಿನ ಕಡೆ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದ, ಜನಕ್ಕೂ ಜ್ವರ ಹತ್ತುತ್ತಿದ್ದ ಕಾಲ ಅದು. ದಿಮ್ಮಿ ಹೇರುವ ಆಳುಗಳೇ ಸಿಗದೆ ಲಾರಿ ನಿಂತಿತ್ತು. ಬಸ್ಸಿನ ಕಂಡಕ್ಟರನನ್ನು ಕೇಳಿದೆ. ಅವನು ಬಂದು, ದೋಣಿಯ ಸುತ್ತ ಒಂದು ಸುತ್ತು ಹಾಕಿ, "ಇದನ್ನ ಮೇಲಿಟ್ರೆ ಕೆಳಗಿರೋ ಬಸ್ಸೇ ಲಗೇಜು ಆಗ್ತದಲ ಮಾರಾಯ್ರೆ" ಎಂದು ಹೋದ. ಶಿಕಾರಿಪುರದ ಜಮೀನುದಾರರೊಬ್ಬರ ಬಳಿ ಟ್ರ್ಯಾಕ್ಟರೂ ಅದರ ಟ್ರೈಲರೂ ಇದ್ದವು. ಗೊಬ್ಬರ ಹೊರುವ ಟ್ರೈಲರು, ಸ್ಪ್ರಿಂಗಿಲ್ಲ. ರಸ್ತೆಯ ಪ್ರತಿಯೊಂದು ಕಲ್ಲಿನ ಅಭಿಪ್ರಾಯವೂ ನೇರವಾಗಿ ಹಲಗೆಗೆ ತಲುಪುತ್ತಿತ್ತು.

ಕೊನೆಗೆ ಮುರಿದು ಬಿದ್ದಿದ್ದ ಜಟಕಾ ಗಾಡಿಯೊಂದರ ಗಾಲಿ, ಅಚ್ಚು, ಸ್ಪ್ರಿಂಗುಗಳನ್ನು ಕೊಂಡು ಟ್ರೈಲರನ್ನು ನಾನೇ ಕಟ್ಟಿದೆ. ಜಟಕಾದ ಗಾಲಿಗಳು ಹತ್ತಿರ ಹತ್ತಿರ. ಎತ್ತಿನ ಗಾಡಿಗಳು ಕೊರೆದ ಜಾಡಿನಲ್ಲಿ ಒಂದು ಇಳಿದರೆ ಇನ್ನೊಂದು ದಿಬ್ಬ ಹತ್ತುತ್ತದೆ. ಕಮ್ಮಾರನ ಬಳಿ ಅಚ್ಚನ್ನು ಬೆಸೆಸಿ ಉದ್ದ ಮಾಡಿಸಿದೆ. ದೋಣಿಯ ಹೊಟ್ಟೆಯ ಡೊಂಕಿಗೆ ಸರಿಯಾಗಿ ಎರಡು ಅಡ್ಡಮರ ಕೆತ್ತಿ, ಹುಲ್ಲು ಹಾಕಿ ಗೋಣಿ ಸುತ್ತಿದೆ. ಎಳೆಯಲು ಅಕ್ಕಿ ಗಿರಣಿಯವರ ಜೀಪು. ಅದು ಅಣ್ಣನ ಮಾತಿನ ಮೇಲೆ ಸಿಕ್ಕಿತು. ಆ ಟ್ರೈಲರಿನಲ್ಲಿ ಕುಂದಿರಲಿಲ್ಲವೆಂದು ಈಗಲೂ ಹೇಳುತ್ತೇನೆ. ಈಗ ಯಾರೂ ಕೇಳುವುದಿಲ್ಲ, ಆ ಮಾತು ಬೇರೆ.

ನಮ್ಮ ಕಡೆ ಒಂದು ಮರ್ಯಾದೆ ಇತ್ತು: ಪರವೂರಿಗೆ ಹೊರಟ ಗಾಡಿ ಖಾಲಿ ಹೋಗಬಾರದು. ಹೋಗುವವನು ಹಿಂದಿನ ದಿನವೇ ಕೇರಿಯಲ್ಲಿ ತಿಳಿಸಬೇಕು, ಕೇಳಿದವರು ತಮ್ಮದೊಂದು ಗಂಟು ತಂದು ಹಾಕಬೇಕು. ಹಾಕಿದ್ದನ್ನು ಬೇಡವೆಂದವನನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನಾನು ಯಾರಿಗೂ ತಿಳಿಸಿರಲಿಲ್ಲ. ಅಣ್ಣ ತಿಳಿಸಿದ್ದ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಹೊರಗೆ ಬರುವಷ್ಟರಲ್ಲಿ ಟ್ರೈಲರಿನ ಮೇಲಿದ್ದ ದೋಣಿಯಲ್ಲಿ ಅತ್ತಿಗೆಯ ತೌರಿಗೆ ಹೋಗಬೇಕಾದ ಅಕ್ಕಿ ಮೂಟೆ, ಬೆಲ್ಲದ ಡಬ್ಬಗಳು, ಯಾರದೋ ಹಲಸಿನಹಣ್ಣುಗಳು ಕೂತಿದ್ದವು. ಎದುರುಮನೆಯ ಯಜಮಾನರು ನಾಲ್ಕು ಜನರ ಕೈಲಿ ಒಂದು ಒರಳುಕಲ್ಲು ಹೊರಿಸಿಕೊಂಡು ಬರುತ್ತಿದ್ದರು. ಶಿಕಾರಿಪುರದಲ್ಲಿ ಹೊಸದಾಗಿ ಸಂಸಾರ ಹೂಡಿದ ಮಗಳಿಗಂತೆ.

"ಇದು ಬೇಡಿ ದೊಡ್ಡಪ್ಪ," ಎಂದೆ. "ಹಲಗೆ ತಡೆಯಲ್ಲ."

"ಎಂತದು ತಡೆಯಲ್ಲ? ನೀರಿನ ಮೇಲೆ ನಾಕು ಜನನ ಹೊರ್ತದೆ ಅಂತ ಊರೆಲ್ಲ ಹೇಳಿದ್ದಿ. ಗಟ್ಟಿ ನೆಲದ ಮೇಲೆ ಒಂದು ಒರಳು ಹೊರಲ್ವನಾ?"

"ನೀರು ಹೊಟ್ಟೆಯನ್ನೆಲ್ಲ ಎತ್ತಿ ಹಿಡೀತದೆ. ಇಲ್ಲಿ ಎರಡೇ ಕಡೆ ಆಧಾರ. ನಡುವೆ ಭಾರ ಬಿದ್ರೆ..."

"ಕೇಳಿದ್ಯನಾ? ನೆಲಕ್ಕಿಂತ ನೀರು ಗಟ್ಟಿಯಂತೆ!" ಎಂದು ಅವರು ಅಣ್ಣನ ಕಡೆ ತಿರುಗಿದರು. ಕೇರಿ ನಕ್ಕಿತು.

ಅಣ್ಣ ನಗಲಿಲ್ಲ. "ಜೀಪು ಕೊಡಿಸಿದ್ದು ನಾನು. ಇವನಿಗೆ ಒಂದು ಕಲ್ಲು ಭಾರ ಆಯ್ತು," ಎಂದ, ನನಗಲ್ಲ, ಬೇಲಿಗೆ. "ಇಷ್ಟು ದಿನ ಯಾರು ಯಾರನ್ನ ಹೊತ್ತಿದಾರೆ ಅಂತ ಕೇಳು."

ನಾನು ಹೆಂಡತಿಯ ಕಡೆ ನೋಡಿದೆ. ಅವಳು ನಮ್ಮ ನಾಲ್ಕು ಪಾತ್ರೆ, ಬಟ್ಟೆಗಳ ಗಂಟನ್ನು ಎದೆಗೆ ಅವಚಿಕೊಂಡು ಜೀಪಿನಲ್ಲಿ ಕೂತಿದ್ದಳು. ಕೇರಿಗೆಲ್ಲ ಸೇರಿ ದೋಣಿಯಲ್ಲಿ ಏನನ್ನೂ ಇಡದವಳು ಅವಳೊಬ್ಬಳೇ. "ಸುಮ್ನೆ ಹತ್ತಿ," ಎಂದಳು ಮೆಲ್ಲಗೆ. "ಕಲ್ಲು ಇಳಿಸಿ ಅಂದ್ರೆ ಜೀಪೂ ಇಲ್ಲ."

ಒರಳನ್ನು ದೋಣಿಯ ನಟ್ಟನಡುವೆ ಇಟ್ಟರು. ಉರುಳದಂತೆ ಹಿಡಿದುಕೊಳ್ಳಲು ಯಜಮಾನರೂ ಹತ್ತಿ ಕೂತು ಕೊಡೆ ಬಿಚ್ಚಿದರು. ದೋಣಿ ಹೀಗೆ ತನ್ನ ಮೊದಲ ಪ್ರಯಾಣಿಕನೊಂದಿಗೆ ಹೊರಟಿತು. ಶಿರಾಳಕೊಪ್ಪದಲ್ಲಿ ಜೀಪಿನ ಡ್ರೈವರು ಚಹಾ ಕುಡಿಯುವಾಗ ನಾನು ಕೆಳಗೆ ಬಗ್ಗಿ ನೋಡಿದೆ. ಹಲಗೆಗಳ ಸಂದು ಇನ್ನೂ ಕೂಡಿಕೊಂಡೇ ಇತ್ತು. ಸ್ವಲ್ಪ ನಿಧಾನ ಹೋಗಪ್ಪ ಎಂದೆ. "ನಿಧಾನ ಹೋದ್ರ ಕುಣಿ ಜಾಸ್ತಿ ಗೊತ್ತಾಗ್ತಾವ್ರೀ," ಎಂದ ಅವನು.

ಶಿಕಾರಿಪುರ ಇನ್ನೇನು ಬಂತು ಎನ್ನುವಾಗ ಒಂದು ಮೋರಿ ದಾಟಿದೆವು. ಒಣಗಿದ ಬಿದಿರು ಸೀಳಿದಂಥ ಸದ್ದು ಬಂತು. ಜೀಪು ನಿಂತಿತು. ಹಿಂದಿನಿಂದ ಯಜಮಾನರ ಗಾಬರಿಯ ದನಿ:

"ಎಂತೋ ಮುರೀತಲ ಮಾರಾಯ! ಒರಳು ಅಲ್ಲ ತಾನೆ?"

ಒರಳು ಅಲ್ಲ. ಮಗಳ ಮನೆಯಲ್ಲಿ ಅದನ್ನು ಇಳಿಸಿ, ನೀರು ಹಾಕಿ ತೊಳೆದು, ಕುಂಕುಮ ಹಚ್ಚಿದರು. ಅಳಿಯ ಅದರ ಸುತ್ತ ಕೈಯಾಡಿಸಿ, "ಒಂದು ಚೂರೂ ಮುಕ್ಕಾಗಿಲ್ಲ ನೋಡ್ರೀ. ಭಾಳ ಜ್ವಾಕಿಯಿಂದ ತಂದೀರಿ" ಎಂದು ನನ್ನ ಕೈಗೆ ಕಾಫಿ ಲೋಟ ಕೊಟ್ಟ. ಆ ಟ್ರೈಲರಿನ ಬಗ್ಗೆ ನಾನು ಕೇಳಿದ ಹೊಗಳಿಕೆ ಅದೊಂದೇ.

ದೋಣಿಯ ತಳದಲ್ಲಿ ಎರಡು ಹಲಗೆಗಳು ಉದ್ದಕ್ಕೆ ಸೀಳಿದ್ದವು. ಅಂಜನಾಪುರದ ಏರಿಯ ಕೆಳಗೆ ಕತ್ತಲಾಗುವವರೆಗೆ ಹತ್ತಿ, ಡಾಂಬರು, ನನ್ನ ಹೆಂಡತಿಯ ಒಂದು ಹಳೆ ಸೀರೆ, ಎಲ್ಲವನ್ನೂ ತುರುಕಿದೆ. ಒಂದು ವಾರ ಸಮಯ, ಒಂದೆರಡು ಹಲಗೆ ಇದ್ದಿದ್ದರೆ ಸರಿಹೋಗುತ್ತಿತ್ತು. ಬೆಳಿಗ್ಗೆ ಎಂಜಿನಿಯರಿಗೆ ಹಾಗೆಂದು ಹೇಳಿಯೂ ನೋಡಿದೆ. "ಸಾಹೇಬ್ರು ದಾರಿಯಾಗ ಅದಾರ್ರೀ," ಎಂದರು, ಸೋಮವಾರವನ್ನು ಮಾಡಿದ್ದು ತಾವಲ್ಲವೆಂಬಂತೆ.

ಸಾಹೇಬರು ಬಂದರು. ಏರಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಹಾಯಿ ಎತ್ತಿದೆ. ಒಳ್ಳೆಯ ಗಾಳಿ ಇತ್ತು. ದೋಣಿ ದಡ ಬಿಟ್ಟು ಎಷ್ಟು ಚೆನ್ನಾಗಿ ಸಾಗಿತೆಂದರೆ ಏರಿಯ ಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಪಾದಕ್ಕೆ ತಣ್ಣಗಾಯಿತು. ಆಮೇಲೆ ಮೊಣಕಾಲಿಗೆ. ಹಾಯಿ ಗಾಳಿ ತುಂಬಿಕೊಂಡೇ ನೀರಿಗಿಳಿಯುವುದನ್ನು ಸಾಹೇಬರು ಎದ್ದು ನಿಂತು ನೋಡಿದರು. ಗೌರವಕ್ಕಲ್ಲ, ಕೂತರೆ ಕಾಣಿಸುತ್ತಿರಲಿಲ್ಲ.

ನನ್ನನ್ನು ನೀರಿನಿಂದ ಎಳೆದುಕೊಂಡವನು ಅದೇ ಕೆಲಸಕ್ಕೆಂದು ಬಂದಿದ್ದ ಇನ್ನೊಬ್ಬ. ತನ್ನ ಹರಿಗೋಲನ್ನು ಬೋರಲು ಹಾಕಿ, ತಲೆಯ ಮೇಲೆ ಹೊತ್ತು, ನಡೆದೇ ಬಂದಿದ್ದ. ಆ ಬಿದಿರಿನ ಬುಟ್ಟಿಯಲ್ಲಿ ಮೊಣಕಾಲು ಮಡಿಚಿಕೊಂಡು ದಡದ ಕಡೆ ತಿರುಗುತ್ತ ತಿರುಗುತ್ತ ಬರುವಾಗ, ಯಾರ ಗಂಟನ್ನೂ ಹಾಕಲಾಗದ ವಾಹನ ತಲೆಯೊಂದೇ ಎಂದು ನನಗೆ ಹೊಳೆಯಿತು. ಹೊಳೆದದ್ದರಿಂದ ಬಟ್ಟೆ ಒಣಗಲಿಲ್ಲ. ದಡದಲ್ಲಿ ನನ್ನ ಹೆಂಡತಿ ಗಂಟು ಬಿಚ್ಚಿ ಪಂಚೆ ತೆಗೆದುಕೊಟ್ಟಳು. ಕ್ವಾರ್ಟರ್ಸಿನ ಕಡೆ ಅವಳು ನೋಡಲಿಲ್ಲ.

ಕೆಲಸ ಹರಿಗೋಲಿನವನಿಗೆ ಆಯಿತು. ನಾವು ಅಣ್ಣನ ಮನೆಯ ಭತ್ತದ ಕೋಣೆಯಲ್ಲಿ ಇನ್ನೂ ಒಂಬತ್ತು ವರ್ಷ ಇದ್ದೆವು.