ಮಾವನ ಹೊಸ ಫೋನಿಗೆ ಅಕ್ಕಿಯ ಪರೀಕ್ಷೆ

ಗೆಳೆಯರೇ, ಇನ್ನು ಮೇಲೆ ಯಾರೂ ನನ್ನನ್ನು ಯಾವ ಫೋನ್ ತಗೊಳ್ಳಲಿ ಅಂತ ಕೇಳಬೇಡಿ.

ಸಿರವಾರದಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಸೋದರಮಾವನಿಗಾಗಿ ವಾರವಿಡೀ ವಿಡಿಯೊ ನೋಡಿ, ಕೊನೆಗೆ ನನ್ನಲ್ಲಿರುವಂಥದೇ ಒಳ್ಳೆಯ ಫೋನ್ ಆರಿಸಿದ್ದೆ. ಇವತ್ತು ರಾಯಚೂರಿನ ಅಂಗಡಿಯಲ್ಲಿ ಅದನ್ನು ಕೈಗಿಟ್ಟರೆ, ಮಾವ ಎಷ್ಟು ತೆಳ್ಳಗಿದೆ ಎಂದು ಮೆಚ್ಚಲೂ ಇಲ್ಲ, ಪರದೆಯನ್ನು ಸರಿಯಾಗಿ ನೋಡಲೂ ಇಲ್ಲ. ಜೇಬಿನಿಂದ ಸ್ಯಾಂಪಲ್ ಪೊಟ್ಟಣ ತೆಗೆದು, ಅಂಗಡಿಯ ಗಾಜಿನ ಮೇಲೆ ಅಕ್ಕಿ ಹರಡಿ ಫೋಟೊ ಹೊಡೆದರು.

"ನೋಡ್ರಿ ಸಾಹುಕಾರ್ರ, ಒಂದೊಂದು ಕಾಳೂ ಎಷ್ಟು ಕ್ಲಿಯರ್ ಕಾಣತಾವ!" ಎಂದ ಅಂಗಡಿಯವ.

"ಅದಾ ತ್ರಾಸ್ ನೋಡು. ನುಚ್ಚೂ ಕಾಣಾಕತ್ತದ, ಹಳದಿ ಕಾಳೂ ಕಾಣಾಕತ್ತಾವ. ಬ್ಯಾರೆ ತೋರ್ಸಪ್ಪಾ."

ಐದು ಫೋನ್ ನೋಡಿ, ಅಂಗಡಿಯವನೇ ಬೇಡವೆಂದ ಒಂದನ್ನು ಹಿಡಿದುಕೊಂಡರು. ಅದರಲ್ಲಿ ಕಾಳೆಲ್ಲ ಹಾಲಿನಂತೆ ಬೆಳ್ಳಗಿದ್ದವು.

"ಮಾವಾ, ಇದು ಸುಳ್ಳು ತೋರಿಸ್ತದ್ರೀ!" ಎಂದೆ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

"ಇರಲಿ ಬಿಡಲೇ. ವಾಟ್ಸಾಪ್‌ನ್ಯಾಗ ಗಿರಾಕಿಗೆ ಸ್ಯಾಂಪಲ್ ಕಳಸಾಕ ಇದಾ ಚಲೋ."

ಹೊರಗೆ ಬಂದ ಮೇಲೆ ಹೆಗಲ ಮೇಲೆ ಕೈಯಿಟ್ಟರು.

"ನಾಳೆ ಮಾನ್ವಿಗೆ ಭತ್ತ ಖರೀದಿಗೆ ಹೊಂಟೀನಿ. ಕಾಳು ನೋಡಾಕ ನಿನ್ನ ಫೋನ್ ಕೊಡು. ಅದು ಖರೇ ತೋರಿಸ್ತದ."