ಕಾಫಿ ಬಣ್ಣದ ಸೀಟು

ಶಿರಾದಲ್ಲಿ ಕಾರುಗಳ ಸೀಟು ಹೊಲಿದು ಬಣ್ಣ ಬಳಿಯುವ ಅಂಗಡಿಯ ಯಜಮಾನರೊಬ್ಬರ ಬಾಯಲ್ಲಿ ಸದಾ ಒಂದೇ ಮಾತು: "ಒಣಗೈತೆ ಬುಡಿ ಸಾರ್, ಕೂತ್ಕಳಿ." ಹಾಗೆನ್ನುತ್ತಾ ಸೀಟನ್ನು ಬೆರಳಿನಿಂದ ಬಡಿದು, ಕೈಯನ್ನು ಥಟ್ಟನೆ ಬೆನ್ನ ಹಿಂದಕ್ಕೆ ಒಯ್ಯುತ್ತಿದ್ದರು. ಆ ಬೆರಳುಗಳನ್ನು ನೋಡಿದ ಗಿರಾಕಿ ಇಲ್ಲ.

ಅಪ್ಪನ ಹಳೇ ಅಂಬಾಸಿಡರ್‌ನ ಕೆಂಪು ಸೀಟುಗಳಿಗೆ ಕಾಫಿ ಬಣ್ಣ ಹಾಕಲು ಅವರಿಗೇ ಕೊಟ್ಟಿದ್ದೆ. ಹಳೆಯ ಜಿಡ್ಡೆಲ್ಲ ಒರೆಸಿ, ಹೊಲಿಗೆಯ ಸಂದಿಗೂ ಬ್ರಷ್ ಆಡಿಸಿ, ಮದುಮಗಳಿಗೆ ಅರಿಶಿನ ಹಚ್ಚುವಷ್ಟು ಅಕ್ಕರೆಯಿಂದ ಬಳಿದಿದ್ದರು. ಕಾಯುವ ತಾಳ್ಮೆ ಮಾತ್ರ ಅವರಿಗಿರಲಿಲ್ಲ.

ಮಧುಗಿರಿಯಲ್ಲಿ ಮದುವೆಯಿದ್ದ ದಿನ ಬಿಳಿ ಪಂಚೆಯುಟ್ಟು ಕಾರು ತರಲು ಹೋದೆ. ಅದೇ ಮದುವೆಗೆ ಹೊರಟಿದ್ದ ಅವರೂ ಬಿಳಿ ಪ್ಯಾಂಟಿನಲ್ಲಿ ನಿಂತಿದ್ದರು.

"ಒಣಗೈತಾ?" ಎಂದೆ.

"ಒಣಗೈತೆ ಬುಡಿ ಸಾರ್, ಕೂತ್ಕಳಿ."

"ಹಂಗಾರೆ ನೀವೂ ಬನ್ನಿ, ಜೊತೇಲೇ ಹೋಗಾಣ."

ಅವರು ಸೀಟನ್ನು ನೋಡಿದರು, ತಮ್ಮ ಪ್ಯಾಂಟನ್ನು ನೋಡಿಕೊಂಡರು. ಅಂಗಡಿಯೊಳಗಿಂದ ಹಳೇ ಪೇಪರು ತಂದು, ಸೀಟಿನ ಮೇಲೆ ದಪ್ಪಗೆ ಹಾಸಿ ಕುಳಿತರು. ನಾನು ಬಾಗಿಲು ಹಿಡಿದು ನಿಂತೇ ಇದ್ದೆ.

"ಒಣಗೈತೆ ಬುಡಿ ಸಾರ್," ಎನ್ನುತ್ತಾ ತಮ್ಮ ಅಡಿಯಿಂದ ಒಂದು ಹಾಳೆ ಎಳೆದು ನನ್ನ ಕೈಗಿಟ್ಟರು.