ಸಾರ್ವೆ ತೂತಿನ ಗುಬ್ಬಿಗಳು

ಹುಣಸೂರಿನಲ್ಲಿ ನಾವು ಮನೆ ಕಟ್ಟಿಸಿದಾಗ ಮೂರು ಕಡೆಯ ಗೋಡೆಗೆ ಗಾರೆ ಮಾಡಿಸಿ ಉತ್ತರದ ಗೋಡೆಯನ್ನು ಹಾಗೇ ಬಿಟ್ಟೆವು. ಆ ಕಡೆ ಖಾಲಿ ಸೈಟು. ನಾಳೆ ಅಲ್ಲೊಂದು ಮನೆ ಎದ್ದರೆ ಈ ಗೋಡೆಯನ್ನು ಯಾರು ನೋಡುತ್ತಾರೆ? ತೊಂಬತ್ತರ ದಶಕದ ಹೊಸ ಬಡಾವಣೆಗಳಲ್ಲಿ ಬಹಳ ಜನ ಮಾಡುತ್ತಿದ್ದದ್ದು ಇದನ್ನೇ. ಮುಂದುಗಡೆ ಗುಲಾಬಿ ಬಣ್ಣ, ಪಕ್ಕಕ್ಕೆ ಹೋದರೆ ಬರೀ ಇಟ್ಟಿಗೆ. ಮುಖಕ್ಕೆ ಪೌಡರು ಹಾಕಿಕೊಂಡು ಕತ್ತು ತೊಳೆಯದೆ ಬಂದವರ ಹಾಗೆ ಕಾಣುತ್ತಿದ್ದವು ನಮ್ಮ ಮನೆಗಳು.

ಆ ಗೋಡೆಯಲ್ಲಿ ಏಳು ತೂತುಗಳಿದ್ದವು. ಗೋಡೆ ಮೇಲೇಳುತ್ತಿದ್ದಂತೆ ಕೆಲಸದವರು ನಿಲ್ಲುವುದಕ್ಕೆ ಬೊಂಬು ಕಟ್ಟುತ್ತಾರಲ್ಲ, ಅದೇ ಸಾರ್ವೆ. ಅಡ್ಡ ಬೊಂಬಿನ ಒಂದು ತುದಿ ಗೋಡೆಯಲ್ಲಿ ಕೂರಲಿ ಎಂದು ಅಲ್ಲಲ್ಲಿ ಅರ್ಧ ಇಟ್ಟಿಗೆಯಷ್ಟು ಜಾಗ ಬಿಟ್ಟಿರುತ್ತಾರೆ. ಗಾರೆ ಮಾಡುವಾಗ ಅದನ್ನು ಮುಚ್ಚಬೇಕು. ನಮ್ಮ ಉತ್ತರದ ಗೋಡೆಗೆ ಒಳಗಡೆ ಮಾತ್ರ ಗಾರೆಯಾಗಿದ್ದರಿಂದ ಹೊರಗೆ ಏಳೂ ಬಾಯಿ ತೆರೆದುಕೊಂಡೇ ಉಳಿದವು.

ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದಾಗ ಒಂದು ಗುಬ್ಬಿ ಬಾಯಲ್ಲಿ ತೆಂಗಿನ ನಾರು ಕಚ್ಚಿಕೊಂಡು ಒಂದು ತೂತಿನೊಳಗೆ ನುಗ್ಗಿತು. ಬಾಡಿಗೆಗಿದ್ದ ಹೆಂಚಿನ ಮನೆಯಲ್ಲಿ ಇದೇ ಗುಬ್ಬಿ ಕಸ ಬೀಳಿಸುತ್ತದೆಂದು ಗೊಣಗಿಕೊಂಡು ಗೂಡನ್ನು ಪೊರಕೆಯಲ್ಲಿ ಕೆಡವಿದವಳು ನಾನು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ಬೇರೆ. ಕಾಡಿನ ಜೀವಿಗಳನ್ನು ತೋರಿಸಲು ವರ್ಷಕ್ಕೊಮ್ಮೆ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ನಾಗರಹೊಳೆಗೆ ಹೋಗುತ್ತಿದ್ದೆ. ನನ್ನ ಮನೆಯ ಗೋಡೆಯಲ್ಲೇ ಯಾರಿದ್ದಾರೆಂದು ನೋಡಿರಲಿಲ್ಲ.

ನೋಡತೊಡಗಿದ ಮೇಲೆ ಬಿಡಲಾಗಲಿಲ್ಲ. ಹಾಲು ಉಕ್ಕಿದ್ದೂ ಗೊತ್ತಾಗದೆ ಸೈಟಿನಲ್ಲಿ ನಿಂತಿರುತ್ತಿದ್ದೆ. ಏಳರಲ್ಲಿ ಮೂರಕ್ಕೆ ಮಾತ್ರ ಗುಬ್ಬಿಗಳು ಬಂದವು. ಉಳಿದವು ಯಾಕೆ ಬೇಡ? ಎರಡು ತೀರಾ ಕೆಳಗಿದ್ದವು, ಬೆಕ್ಕಿನ ಕೈಗೆಟುಕುತ್ತಿದ್ದವು. ಒಂದರ ಅಂಚು ಒಡೆದು ಅಗಲವಾಗಿತ್ತು. ಅಲ್ಲಿಗೆ ಗೊರವಂಕ ಬಂದು ಯಜಮಾನಿಕೆ ಮಾಡಿತು. ಪಡುವಣ ತುದಿಯದು ಮಾತ್ರ ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು, ಆದರೂ ಯಾರೂ ಕಾಲಿಡಲಿಲ್ಲ. ಅದು ಯಾಕೆಂದು ಇವತ್ತಿಗೂ ನನಗೆ ತಿಳಿದಿಲ್ಲ.

ಇನ್ನೊಂದು ವಿಷಯ ಕಂಡಾಗ ನನಗೆ ನಾಚಿಕೆಯೇ ಆಯಿತು. ಗುಬ್ಬಿ ಎಂದರೆ ಕಾಳು ತಿನ್ನುವ ಹಕ್ಕಿ ಎಂದು ಮಕ್ಕಳಿಗೆ ಹೇಳುತ್ತಾ ಬಂದಿದ್ದೆ. ನಾನು ದಿನಾ ಹಾಕುತ್ತಿದ್ದ ನುಚ್ಚನ್ನು ದೊಡ್ಡವು ತಿನ್ನುತ್ತಿದ್ದವು, ಸರಿ. ಮರಿಗಳಿಗೆ ಮಾತ್ರ ಹಸಿರು ಹುಳುಗಳನ್ನೇ ತರುತ್ತಿದ್ದವು. ಹುಳುಗಳೆಲ್ಲ ಬರುತ್ತಿದ್ದದ್ದು ಆ ಖಾಲಿ ಸೈಟಿನಿಂದ. ತುಂಬೆ, ಎಕ್ಕ, ಉತ್ತರಾಣಿ ಎದೆಮಟ್ಟ ಬೆಳೆದು ಇಡೀ ಬೀದಿ ಬೈಯುತ್ತಿದ್ದ ಸೈಟು ಅದು. ಪುರಸಭೆಗೆ ಅರ್ಜಿ ಕೊಟ್ಟು ಅದನ್ನು ಸವರಿಸಬೇಕೆಂದು ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ಇದನ್ನು ನೋಡಿದ ಮೇಲೆ ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಕಳೆ ಕೀಳುವುದನ್ನು ನಿಲ್ಲಿಸಿದೆ. ನಮ್ಮ ಮನೆಯವರು, "ಟೀಚರ್ ಮನೆ ಅಂತಾರೆ ಜನ, ಹಿತ್ತಲು ನೋಡಿದರೆ ಹಾಳೂರು" ಎಂದು ಆಡಿಕೊಂಡರು.

ಹೀಗೆ ಆರೇಳು ವರ್ಷ ಕಳೆಯಿತು. ಅಷ್ಟರಲ್ಲಿ ಅತ್ತೆ ಭೇರ್ಯದ ಕಡೆಯ ತಮ್ಮ ಊರಿನಿಂದ ನಮ್ಮ ಜೊತೆ ಇರಲು ಬಂದಿದ್ದರು. ಅವರಿಗೆ ಕೊಟ್ಟ ಕೋಣೆ ಉತ್ತರದ ಗೋಡೆಯದು. ಗಾರೆಯಿಲ್ಲದ ಇಟ್ಟಿಗೆ ಮಳೆ ನೀರು ಕುಡಿದು ಕುಡಿದು ಒಳಗೆ ಬೂಷ್ಟು ಹಿಡಿಯಿತು. ಎರಡು ಮಳೆಗಾಲಕ್ಕೆ ಅತ್ತೆಗೆ ಕೆಮ್ಮು ಕಚ್ಚಿಕೊಂಡಿತು. ಡಾಕ್ಟರು ಔಷಧಿ ಬರೆದುಕೊಟ್ಟು, "ಮೊದಲು ಆ ಗೋಡೆ ರಿಪೇರಿ ಮಾಡಿಸಿ" ಎಂದರು. ಮಾಡಿಸೋಣ, ಮಾಡಿಸೋಣ ಎಂದುಕೊಂಡು ನಾನೇ ಮುಂದೂಡುತ್ತಿದ್ದೆ. ಯಾಕೆಂದು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಸೈಟಿನ ಯಜಮಾನರು ಕಳೆ ಸವರಿಸಿ ಇಟ್ಟಿಗೆ ಇಳಿಸಿದರು. ಅವರ ಗೋಡೆ ಎದ್ದರೆ ಅದಕ್ಕೂ ನಮ್ಮ ಗೋಡೆಗೂ ನಡುವೆ ಉಳಿಯುವುದು ಎರಡಡಿ ಸಂದು. ನಮಗೆ ಮನೆ ಕಟ್ಟಿಕೊಟ್ಟ ಮೇಸ್ತ್ರಿಯನ್ನೇ ಕರೆಸಿದೆವು.

"ಅವ್ರ ಗ್ವಾಡೆ ಎದ್ದ ಮ್ಯಾಲೆ ಸಾರ್ವೆ ಕಟ್ಟಾಕೆ ಆಗಾಕಿಲ್ಲ ಮೇಡಂ. ಆಮೇಲೆ ದೇವ್ರು ಬಂದ್ರೂ ಇದ್ಕೆ ಗಾರೆ ಮಾಡಾಕಾಗಲ್ಲ. ಈ ವಾರ್ದಲ್ಲೇ ಮುಗಿಸ್ಬುಡ್ಬೇಕು," ಎಂದರು ಮೇಸ್ತ್ರಿ.

ಆ ವಾರ ಎರಡು ತೂತುಗಳಲ್ಲಿ ಮರಿಗಳಿದ್ದವು. ಇನ್ನೊಂದು ವಾರ ಸಿಕ್ಕರೆ ಹಾರುತ್ತವೆ ಎಂದು ನನ್ನ ಲೆಕ್ಕ. ಒಂದು ವಾರ ತಡೆಯುತ್ತೀರಾ ಎಂದು ಸೈಟಿನ ಯಜಮಾನರನ್ನು ಕೇಳಿದೆ. "ಪಾಯ ಪೂಜೆ ಆಗೋಗಿದೆ, ಕೆಲಸದವ್ರು ಬಂದು ಕೂತವ್ರೆ. ಒಂದು ವಾರ ಅಂದ್ರೆ ಒಂದೇ ವಾರ ಕಣಮ್ಮ," ಎಂದು ಒಪ್ಪಿದರು. ಮೇಸ್ತ್ರಿಗೆ ಹೇಳಿದೆ: ಇಡೀ ಗೋಡೆ ಮುಗಿಸಿ, ಆ ಎರಡರ ಸುತ್ತ ಒಂದೊಂದು ಗೇಣು ಬಿಡಿ, ಕೊನೆಯ ದಿನ ಅದನ್ನೂ ಮುಚ್ಚೋಣ. ಅವರು ನಕ್ಕರು. "ತೂತು ಬುಟ್ಟಿದ್ದೀಯಾ ಅಂತ ಉಗಿಸ್ಕಂಡಿದ್ದೀನಿ. ಬುಡು ಅಂದವ್ರು ನೀವೇ ಮೊದ್ಲು."

ಎರಡು ದಿನದಲ್ಲಿ ಗಾರೆ ಮುಗಿಯಿತು. ಹೋಗುವಾಗ ಮೇಸ್ತ್ರಿ, "ನೀರು ಚೆನ್ನಾಗಿ ಹೊಡೀಬೇಕು, ಇಲ್ದಿದ್ರೆ ಬಿರುಕು ಬುಡ್ತದೆ," ಎಂದು ಹೇಳಿ ಹೋದರು. ಬೆಳಿಗ್ಗೆ ಸಂಜೆ ಪೈಪು ಹಿಡಿಯುವುದು ನನ್ನ ಪಾಲಿಗೆ ಬಂತು. ಇಷ್ಟು ದಿನ ಅತ್ತೆಯನ್ನು ಬೂಷ್ಟಿನಲ್ಲಿ ಮಲಗಿಸಿದ ಪಾಪ ಕಳೆಯಬೇಕೆಂಬಂತೆ, ಮೇಲಿನಿಂದ ಕೆಳಗಿನವರೆಗೆ ಇಟ್ಟಿಗೆ ಇಟ್ಟಿಗೆಯೂ ನೆನೆಯುವ ಹಾಗೆ ನೀರು ಹೊಡೆದೆ. ಎರಡು ತೂತಿನ ಬಾಯಿಯನ್ನು ಬಿಟ್ಟೇ ಹೊಡೆಯುತ್ತಿದ್ದೆ. ಆದರೆ ನೀರು ಗೋಡೆಯ ಮೇಲೆ ಇಳಿಯುತ್ತದಲ್ಲ, ಅದು ತಾನಾಗಿ ಎಲ್ಲಿಗೆ ಹೋಗುತ್ತದೆಂದು ನಾನು ಯೋಚಿಸಲಿಲ್ಲ. ವಿಜ್ಞಾನದ ಟೀಚರ್!

ನಾಲ್ಕನೆಯ ದಿನ ಒಂದು ತೂತಿನ ಮರಿಗಳು ಹಾರಿಹೋದವು. ಇನ್ನೊಂದರಲ್ಲಿ ಸದ್ದೇ ಇರಲಿಲ್ಲ. ತಾಯಿ ಗುಬ್ಬಿ ಹುಳು ಕಚ್ಚಿಕೊಂಡು ಒಳಗೆ ಹೋಗುವುದು, ಹುಳುವಿನೊಂದಿಗೇ ಹೊರಗೆ ಬರುವುದು. ಏಣಿ ಹಾಕಿ ಕೈಯಿಟ್ಟೆ. ಗೂಡಿನ ಹುಲ್ಲು ನೆನೆದು ತೊಪ್ಪೆಯಾಗಿತ್ತು. ಮೂರು ಮರಿಗಳೂ ತಣ್ಣಗಿದ್ದವು. ಏಣಿಯ ಮೇಲೆಯೇ ಅತ್ತುಬಿಟ್ಟೆ. ಗಂಡನ ಹಾಸ್ಯಕ್ಕೂ ಮೇಸ್ತ್ರಿಯ ನಗುವಿಗೂ ಬಗ್ಗದೆ ಉಳಿಸಿಕೊಂಡದ್ದನ್ನು ನನ್ನ ಕೈಯಾರೆ ಕೊಂದಿದ್ದೆ.

ಕೊನೆಯ ದಿನ ಮೇಸ್ತ್ರಿ ಕರಣೆ ಹಿಡಿದು ಬಂದಾಗ, "ಎರಡನ್ನೂ ಮುಚ್ಚಿಬಿಡಿ," ಎಂದೆ. ಮತ್ತೆ ಆ ಗೋಡೆಯನ್ನು ನೋಡುವುದೂ ನನಗೆ ಬೇಡವಾಗಿತ್ತು.

ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು. ಕೆಮ್ಮು ನಿಂತ ಮೇಲೆ ಮೇಸ್ತ್ರಿಗೆ, "ಅವಳ ಮಾತು ಬುಡಪ್ಪ. ಆ ಎರಡು ಅಂಗೇ ಇರ್ಲಿ," ಎಂದರು.

"ಅಲ್ಲಿಂದ ನೀರು ಇಳೀತದೆ ಕಣಜ್ಜಿ. ನಿಮ್ ರೂಮಿಗೇ ಥಂಡಿ."

"ನನ್ ಮಂಚ ನಡುಮನೆಗೆ ಹಾಕುದ್ರಾಯ್ತು. ನಾನು ಎಲ್ಲಿ ಬೇಕಾದ್ರೂ ಮನೀಕತೀನಿ. ಅವು ಎಲ್ಲಿಗೋದಾವು?" ನನ್ನ ಕಡೆ ತಿರುಗಿ, "ನಿನ್ ತಪ್ಪಿಗೆ ಅವುಕ್ಕೆ ಯಾಕವ್ವ ಬಾಗ್ಲು ಆಕ್ತೀಯ?" ಎಂದರು.

ಮೇಸ್ತ್ರಿ ಎರಡರ ಮೇಲೂ ಹೆಂಚಿನ ಚೂರಿನಿಂದ ಒಂದೊಂದು ಪುಟ್ಟ ಸೂರು ಮಾಡಿ, ನೀರು ಹೊರಕ್ಕೆ ಜಾರುವಂತೆ ಕೆಳಗಿನ ಅಂಚನ್ನು ಇಳಿಜಾರು ಮಾಡಿದರು. ಅದು ಅವರಿಗೇ ಹೊಳೆದದ್ದು. ಮರುದಿನವೇ ಪಕ್ಕದ ಗೋಡೆ ಏಳತೊಡಗಿತು. ತಿಂಗಳೊಳಗೆ ನಮ್ಮ ಗೋಡೆ ಸಂದಿನೊಳಗೆ ಮುಚ್ಚಿಹೋಯಿತು. ಗುಬ್ಬಿ ಬಂತೋ ಇಲ್ಲವೋ ನೋಡಲು ದಾರಿಯೇ ಉಳಿಯಲಿಲ್ಲ.

ಮಳೆಗಾಲ ಕಳೆದು ಗೋಡೆ ಒಣಗಿದ ಮೇಲೆ ಒಂದು ಭಾನುವಾರ ಅತ್ತೆ ನಡುಮನೆಗೆ ಹೋದ ಮೇಲೆ ಖಾಲಿ ಬಿದ್ದಿದ್ದ ಕೋಣೆಯನ್ನು ಗುಡಿಸುತ್ತಿದ್ದೆ. ಗೋಡೆಯೊಳಗೆ ಏನೋ ಕೆರೆದ ಹಾಗಾಯಿತು. ಪೊರಕೆ ಬಿಟ್ಟು ಕಿವಿ ಇಟ್ಟೆ. ತೆಳ್ಳನೆಯ ಚಿಂವ್ ಚಿಂವ್ ಸದ್ದು, ಒಂದರ ಮೇಲೊಂದು. ಅತ್ತೆಯನ್ನು ಕೂಗಿದೆ. ಅವರು ಬಂದು, ಕೆಮ್ಮು ಬಾರದಿರಲೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡು, ನನ್ನ ಪಕ್ಕದಲ್ಲೇ ಗೋಡೆಗೆ ಕಿವಿಯಿಟ್ಟು ನಿಂತರು.